ಸಾಹುಕಾರರ ಗುಲಾಬಿ ಸೆಂಟು

ಹೋಟೆಲಿನ ಬಾಗಿಲಲ್ಲಿ ಸೆಂಟಿನ ವಾಸನೆ ಬಂದರೆ ಈಗಲೂ ನಾನು ಒಂದು ಹೆಜ್ಜೆ ಹಿಂದಿಡುತ್ತೇನೆ. ಇಳಕಲ್ಲಿನ ಸೀರೆ ಅಂಗಡಿಯ ಸಾಹುಕಾರರು ನೆನಪಾಗುತ್ತಾರೆ. ಗಿರಾಕಿ ಬಂದೊಡನೆ ಗಾದಿಯ ಮೇಲೆ ಗುಲಾಬಿ ಸೆಂಟು ಸಿಂಪಡಿಸಿ, "ಅಂಗಡಿ ಘಮ್ ಅನಬೇಕ್ರಿ" ಎನ್ನುತ್ತಿದ್ದರು.

"ಸೀರಿ ಮಾರ್ತೀರೋ, ಸೆಂಟ್ ಮಾರ್ತೀರೋ?" ಎಂದು ಅವ್ವ ಕಾಡಿದರೆ, "ಸೆಂಟ್ ಪುಕ್ಕಟ್ರಿ, ಅಕ್ಕಾರ" ಎಂದು ನಗುತ್ತಿದ್ದರು.

ನಾನು ಕಾಲೇಜಿನಲ್ಲಿದ್ದಾಗ ಅಕ್ಕನ ಮದುವೆಯ ಸೀರೆಗೆಂದು ಹೋಗಿದ್ದೆವು. ಸಂಜೆ ಗಾದಿಯ ಬಳಿ ದೀಪ ಹಚ್ಚಿದ ಅವರು ರೂಢಿಯಂತೆ ಸೆಂಟು ಸಿಂಪಡಿಸಿದರು. ದೀಪ ತಾಗಿ ಭಗ್ಗನೆದ್ದ ಉರಿ ಅಕ್ಕನ ಸೆರಗಿಗೆ ಹತ್ತಿತು. ಸಾಹುಕಾರರು ಸೆರಗನ್ನು ಬರಿಗೈಯಲ್ಲೇ ಹಿಸುಕಿ ಆರಿಸಿದರು.

"ಯವ್ವಾ, ನಿನಗೇನೂ ಆಗಿಲ್ಲ ಹೌದಿಲ್ಲೋ?" ಎಂದು ಕೇಳಿದ ಮೇಲೆಯೇ ತಮ್ಮ ಕೈ ನೋಡಿಕೊಂಡರು.

ಮದುವೆಯಲ್ಲಿ, ಪಟ್ಟಿ ಕಟ್ಟಿದ ಅವರ ಬೆರಳುಗಳಿಗೆ ಅಕ್ಷತೆಯ ಅಕ್ಕಿಕಾಳು ಹಿಡಿಯಲು ಬರಲಿಲ್ಲ. ಅವ್ವ ಆ ಅಂಗೈಗಳ ಮೇಲೆ ಕಾಳು ಸುರಿದು, "ಮೊದಲ ನೀವ ಹಾಕ್ರಿ, ಅಣ್ಣಾರ" ಎಂದಳು.