ಕಡ್ಡಿಗೆ ಸುತ್ತಿದ ನಾರು

ಮೊದಲು ಕಂಡಿದ್ದು ಒಂದು ಗುಳ್ಳೆ. ಎಡಗಾಲಿನಲ್ಲಿ, ಪಾದದ ಗಂಟಿನ ಪಕ್ಕ. ಮಿಸ್ಸಮ್ಮ ಅದನ್ನು ಸೊಳ್ಳೆ ಕಡಿತ ಅಂದುಕೊಂಡರು. ನಾನೂ ಹೂಂ ಅಂದೆ. ಆದರೆ ಉರಿ ತಾಳಲಾರದೆ ಅವರು ಬೋಗುಣಿ ನೀರಿನಲ್ಲಿ ಕಾಲಿಟ್ಟುಕೊಂಡು ಕೂತದ್ದು ನೋಡಿ ನನಗೆ ಗುಮಾನಿ ಹತ್ತಿತು. ಹಾಗೆ ನೀರಲ್ಲಿ ಕಾಲಿಟ್ಟು ಕೂತವರನ್ನು ನಾನು ಹುಟ್ಟಿದ ಕೇರಿಯಲ್ಲಿ ಬೇಕಾದಷ್ಟು ನೋಡಿದ್ದೆ.

ಎರಡು ದಿನಕ್ಕೆ ಗುಳ್ಳೆ ಒಡೆಯಿತು. ಒಳಗೆ ಬಿಳಿ ದಾರದಂಥ ತುದಿ.

ನಾರುಹುಣ್ಣು.

ಮಿಸ್ಸಮ್ಮ ಎಂದರೆ ಎಡಿತ್ ಮಿಸ್. ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದು ಶಹಾಪುರದ ಮಿಷನ್ ಬಂಗಲೆಯಲ್ಲಿ ಇದ್ದವರು. ನಿಜಾಮರ ಸೀಮೆಯ ಹಳ್ಳಿಗಳಿಗೆ ಬಂಡಿಯಲ್ಲಿ ಹೋಗಿ ಸುವಾರ್ತೆ ಹೇಳುವುದು, ಕಣ್ಣುಬೇನೆಗೆ ಔಷಧಿ ಹಾಕುವುದು ಅವರ ಕೆಲಸ. ಅವರ ಜೊತೆ ಹೋಗುವವಳು ನಾನು, ಶಾಂತಮ್ಮ. ಗಂಡ ಸತ್ತ ಮೇಲೆ ಮಿಷನ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು. ಮಿಸ್ಸಮ್ಮನದು ಪುಸ್ತಕದ ಕನ್ನಡ. ‘ತಾಯಂದಿರೇ, ತಾವು ಆಲಿಸಬೇಕು’ ಎಂದರೆ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಅದನ್ನು ಊರ ಮಾತಿಗೆ ತಿರುಗಿಸಿ ಹೇಳುವುದು ನನ್ನ ಪಾಲು.

ಸರ್ಕಾರಿ ದವಾಖಾನೆಯ ಡಾಕ್ಟರ್ ಸಾಹೇಬರು ಬಂದು ನೋಡಿದರು. ಹೋದ ವರ್ಷ ಈ ಹೊತ್ತಿಗೆ ಎಲ್ಲಿ ನೀರು ಕುಡಿದಿದ್ದಿರಿ ಎಂದು ಕೇಳಿದರು. ಬಾವಿಯೊಳಗೆ ಇಳಿದು ಕಾಲು ಅದ್ದಿ ನೀರು ತುಂಬುವ ಊರುಗಳಲ್ಲಿ ಇದು ಬರುತ್ತದೆ, ಕುಡಿದ ನೀರಿನ ಹುಳ ಮೈಯೊಳಗೇ ಒಂದು ವರ್ಷ ಬೆಳೆದು ಕಾಲಿನಿಂದ ಹೊರಬರುತ್ತದೆ ಎಂದರು.

‘ನಾನು ಕಾಯಿಸಿದ ನೀರನ್ನೇ ಕುಡಿಯುತ್ತೇನೆ ಡಾಕ್ಟರ್,’ ಎಂದರು ಮಿಸ್ಸಮ್ಮ.

ನಾನು ನೆಲ ನೋಡುತ್ತ ನಿಂತೆ. ಒಂದೇ ಒಂದು ಸಲ ಕುಡಿದಿದ್ದರು. ಕಕ್ಕೇರಾದ ಆಚೆಗೆ ಒಂದು ಕೇರಿಯಲ್ಲಿ ಮುದುಕಿಯೊಬ್ಬಳು ತಂಬಿಗೆ ತುಂಬ ನೀರು ತಂದು ಮುಂದೆ ಹಿಡಿದಿದ್ದಳು. ಮಂದಿಯೆಲ್ಲ ಸುಮ್ಮನೆ ನೋಡುತ್ತಿದ್ದರು. ಮಿಸ್ಸಮ್ಮ ನನ್ನ ಮುಖ ನೋಡಿದರು. ‘ಕುಡೀರಿ, ಕುಡೀಲಿಲ್ಲಂದ್ರ ಇವರು ನಮ್ ಮಾತು ಕೇಳಂಗಿಲ್ಲ,’ ಎಂದೆ ನಾನು. ನಾನೂ ಅಂಥದ್ದೇ ಕೇರಿಯವಳು. ನಮ್ಮ ನೀರು ಬೇಡ ಎಂದವರ ಮುಖ ನಮಗೆ ಸಾಯುವತನಕ ನೆನಪಿರುತ್ತದೆ. ಮಿಸ್ಸಮ್ಮ ಗಟಗಟ ಕುಡಿದರು. ಉಳಿದದ್ದನ್ನು ನಾನು ಕುಡಿದೆ. ನನಗೆ ಏನೂ ಆಗಲಿಲ್ಲ, ಯಾಕೋ ಗೊತ್ತಿಲ್ಲ.

‘ಗುಳಿಗಿ ಏನಾರ ಅದಾವೇನ್ರಿ ಸಾಹೇಬ್ರ?’ ಎಂದು ಕೇಳಿದೆ.

‘ಇದಕ್ಕ ಗುಳಿಗಿಲ್ಲ, ಇಂಜೆಕ್ಷನ್ ಇಲ್ಲ. ನಿಮ್ ಹಳ್ಳಿ ಮುದುಕೇರು ಮಾಡ್ತಾರಲ್ಲ, ಕಡ್ಡಿಗಿ ಸುತ್ತೋದು, ಅದೇ ಇಲಾಜು. ಜಲ್ದಿ ಮಾಡಬ್ಯಾಡ್ರಿ. ಒಳಗ ತುಂಡಾದ್ರ ಸೆಪ್ಟಿಕ್ ಆಗ್ತದ.’

ಕೇರಿಯಿಂದ ಭೀಮವ್ವನನ್ನು ಕರೆತಂದೆ. ನೂರಾರು ನಾರು ತೆಗೆದ ಕೈ ಅವಳದು. ಜೋಳದ ದಂಟಿನ ಸಣ್ಣ ಕಡ್ಡಿಗೆ ನಾರಿನ ತುದಿ ಸುತ್ತಿ, ಮೇಲೆ ಬಟ್ಟೆ ಕಟ್ಟಿ ನನಗೆ ತೋರಿಸಿಕೊಟ್ಟಳು.

‘ದಿನಾ ತಣ್ಣೀರು ಹಾಕು, ಅದು ಎಷ್ಟು ಬಿಡ್ತದ ಅಷ್ಟೇ ಸುತ್ತು. ಬಿಗಿ ಹತ್ತಿತಂದ್ರ ಕೈ ಬಿಡು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರ, ನೆಪ್ಪಿರಲಿ ಶಾಂತವ್ವ.’

‘ಎಷ್ಟು ದಿವಸ?’ ಎಂದು ಮಿಸ್ಸಮ್ಮ ಕೇಳಿದರು.

‘ಒಂದ್ ತಿಂಗಳು ಹಿಡೀರಿ ಅವ್ವಾರ.’

ಮಿಸ್ಸಮ್ಮನ ಮುಖ ಸಪ್ಪಗಾಯಿತು. ಅವರ ತಾಯಿ ಇಂಗ್ಲೆಂಡಿನಲ್ಲಿ ಹಾಸಿಗೆ ಹಿಡಿದಿದ್ದರು. ಬೇಗ ಬಾ, ಅಮ್ಮ ದಿನ ಎಣಿಸುತ್ತಿದ್ದಾಳೆ ಎಂದು ತಂಗಿ ಬರೆದಿದ್ದಳು. ಮುಂಬಯಿಯಿಂದ ಹಡಗು ಹೊರಡಲು ಇನ್ನು ಇಪ್ಪತ್ತು ದಿನವಿತ್ತು. ಯಾದಗಿರಿಗೆ ಹೋಗಿ ರೈಲು ಹಿಡಿಯಬೇಕು. ಅದು ತಪ್ಪಿದರೆ ಮುಂದೆ ಯಾವಾಗಲೋ.

ಹದಿಮೂರು ದಿನ ನಾನೇ ಸುತ್ತಿದೆ. ಮುಂಜಾನೆ ಬಟ್ಟೆ ಬಿಚ್ಚುವುದು, ನೀರು ಹಾಕುವುದು, ಒಂದು ಬೆರಳಿನಷ್ಟು ಸುತ್ತುವುದು, ಮತ್ತೆ ಕಟ್ಟುವುದು. ಕೆಲವು ದಿನ ಅದು ಕೂದಲೆಳೆಯಷ್ಟೂ ಬರುತ್ತಿರಲಿಲ್ಲ. ಮಿಸ್ಸಮ್ಮ ದಿನವೂ ‘ಎಷ್ಟು ಉಳಿದಿದೆ?’ ಎಂದು ಕೇಳುವರು. ಒಳಗಿದ್ದದ್ದು ನನಗೇನು ಕಾಣುತ್ತದೆ? ಆದರೂ ‘ಇನ್ನೇನ್ರಿ, ಮುಗೀತು’ ಎನ್ನುತ್ತಿದ್ದೆ. ನಮ್ಮ ಕೇರಿಯಲ್ಲಿ ವರ್ಷ ವರ್ಷವೂ ಎಷ್ಟು ಮಂದಿ ಹೀಗೇ ಕಾಲು ಚಾಚಿ ಬಿದ್ದು, ಕೂಲಿ ಕಳೆದುಕೊಂಡು, ಮಕ್ಕಳಿಗೆ ಗಂಜಿ ಇಲ್ಲದೆ ಒದ್ದಾಡಿದ್ದಾರೆ. ಅವರಲ್ಲಿ ಒಬ್ಬರಿಗೂ ನಾನು ಇಷ್ಟು ಆರೈಕೆ ಮಾಡಿರಲಿಲ್ಲ ಎಂದು ಆಗ ಅನಿಸುತ್ತಿತ್ತು, ಅನಿಸಿ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಹದಿನಾಲ್ಕನೆಯ ದಿನ ನಾರು ಸಲೀಸಾಗಿ ಬಂತು. ನಾಲ್ಕು ಬೆರಳು. ಮಿಸ್ಸಮ್ಮ ತಂಗಿಯ ಪತ್ರವನ್ನು ಮತ್ತೆ ಓದುತ್ತಿದ್ದರು, ಕಾಲಿನ ಕಡೆ ನೋಡುತ್ತಿರಲಿಲ್ಲ. ಅವರ ಕಣ್ಣು ತುಂಬಿತ್ತು. ಹೇಗಾದರೂ ಹಡಗಿಗೆ ಮುಟ್ಟಿಸಿಬಿಡಬೇಕು ಅನಿಸಿತು ನನಗೆ. ಇನ್ನೊಂದು ಸುತ್ತು ಹಾಕಿದೆ. ಬಿಗಿ ಹತ್ತಿತು. ಗೊತ್ತಾಯಿತು. ಆದರೂ ಜಗ್ಗಿದೆ.

ಕಡ್ಡಿ ಕೈಯಲ್ಲಿ ಹಗುರಾಯಿತು.

ಮಿಸ್ಸಮ್ಮ ಚೀರಿ ನನ್ನ ಕಡೆ ತಿರುಗಿದರು. ‘ಏನಾಯಿತು?’

‘ನಾರು ಹರೀತ್ರಿ. ನೀವ್ ಕಾಲು ಅಲುಗಿಸಿದ್ರಿ,’ ಎಂದೆ.

ಆ ಮಾತು ಬಾಯಿಂದ ಹೇಗೆ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ. ‘ಓ, ಕ್ಷಮಿಸಿ ಶಾಂತಮ್ಮ,’ ಎಂದರು ಅವರು. ನನ್ನನ್ನೇ ಕ್ಷಮಿಸಿ ಎಂದು ಕೇಳಿದರು.

ಸಂಜೆಗೆ ಕಾಲು ಬಾತಿತು. ಮರುದಿನ ಜ್ವರ ಏರಿತು. ಡಾಕ್ಟರ್ ಸಾಹೇಬರು ಕ್ಲೋರೋಫಾರ್ಮ್ ಕೊಟ್ಟು, ಆಪರೇಷನ್ ಮಾಡಿ ಕೀವು ತೆಗೆದರು. ಹೈದರಾಬಾದಿನಿಂದ ಸಲ್ಫಾ ಗುಳಿಗೆ ತರಿಸಿದರು. ಕಾಲು ತೆಗೆಯಬೇಕಾದೀತು, ಜೀವಕ್ಕೂ ಖಾತ್ರಿ ಕೊಡಲಾರೆ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಜ್ವರದಲ್ಲಿ ಮಿಸ್ಸಮ್ಮ ತಮ್ಮ ಭಾಷೆಯಲ್ಲಿ ಏನೇನೋ ಕನವರಿಸುತ್ತಿದ್ದರು. ಅದರಲ್ಲಿ ನನಗೆ ತಿಳಿದದ್ದು ಒಂದೇ ಶಬ್ದ, ತಾಯಿಯನ್ನು ಕರೆಯುವ ಶಬ್ದ. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ದೇವರೇ ಇವರನ್ನು ಉಳಿಸು ಎಂದು ಬೇಡುತ್ತಿದ್ದೆ. ಮಾಡಿದ್ದನ್ನು ಹೇಳಿ ಬೇಡಲು ನನಗೆ ಮುಖವಿರಲಿಲ್ಲ.

ಹಡಗು ಹೋಯಿತು. ಕಾಲು ಉಳಿಯಿತು, ಗಂಟು ಮಾತ್ರ ಮರದಂತೆ ಬಿಗಿದುಕೊಂಡಿತು. ಇನ್ನು ಕೋಲಿಲ್ಲದೆ ನಡೆಯಲಾರರು, ಹಳ್ಳಿಗಳಿಗೆ ಹೋಗುವ ಮಾತು ದೂರ ಉಳಿಯಿತು.

ಅವರು ಎದ್ದು ಕೂರುವ ಹೊತ್ತಿಗೆ ತಾಯಿ ತೀರಿಕೊಂಡ ತಂತಿ ಬಂತು.

ಮಿಸ್ಸಮ್ಮ ಅಳಲಿಲ್ಲ. ನಾಲ್ಕು ದಿನ ಬಿಟ್ಟು ವರಾಂಡದಲ್ಲಿ ಕೂತು ತಂಗಿಗೆ ಪತ್ರ ಬರೆದರು. ನಾನು ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದೆ.

‘ನನ್ನಿಂದಲೇ ಹೀಗಾಯಿತು ಎಂದು ಬರೆದಿದ್ದೇನೆ,’ ಎಂದರು. ‘ಅಂದು ನಾನು ಕಾಲು ಅಲುಗಿಸದೆ ಇದ್ದಿದ್ದರೆ ಅಮ್ಮನ ಬಳಿ ಇರುತ್ತಿದ್ದೆ. ಅವಳು ನನ್ನನ್ನು ಕಾದು ಕಾದು ಹೋದಳು.’

ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಬಾಯಿ ಬಿಟ್ಟರೆ ಮಿಷನ್‌ನಲ್ಲಿ ನನಗೆ ಜಾಗವಿಲ್ಲ ಎಂಬುದೂ ಗೊತ್ತಿತ್ತು. ಆದರೆ ಆ ಪತ್ರ ಅಂಚೆಗೆ ಹೋದರೆ ಆ ತಂಗಿ ಜೀವಮಾನವಿಡೀ ಅಕ್ಕನನ್ನೇ ದೂರಿಕೊಂಡಿರುತ್ತಾಳಲ್ಲ.

‘ಹಂಗ ಬರೀಬ್ಯಾಡ್ರಿ,’ ಎಂದೆ. ‘ನೀವ್ ಕಾಲು ಅಲುಗಿಸಿಲ್ಲ. ಬಿಗಿ ಹತ್ತಿದ್ದು ನನಗ ಗೊತ್ತಾಗಿತ್ತು. ನಾನೇ ಜಗ್ಗಿದೆ. ಅಂಜಿ ಸುಳ್ಳ ಹೇಳೀನ್ರಿ.’

ಮಿಸ್ಸಮ್ಮ ಪತ್ರ ಹರಿದರು.

‘ಇಲ್ಲಿಂದ ಹೋಗು.’

ಅಲ್ಲಿಯವರೆಗೆ ಅವರು ನನ್ನನ್ನು ಏಕವಚನದಲ್ಲಿ ಕರೆದವರಲ್ಲ.

ಹೋದೆ. ಎಂಟು ದಿನ ದವಾಖಾನೆಯ ಕಂಪೌಂಡರ್ ಬಂದು ಗಾಯ ತೊಳೆದ. ನಾನು ಬಂಗಲೆಯ ಅಡಿಗೆ ಮನೆಯಲ್ಲೇ ಇದ್ದೆ. ಕೆಲಸ ಬಿಟ್ಟು ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಕ್ಷಮೆಯ ವಿಷಯವಾಗಿ ಮಿಸ್ಸಮ್ಮ ಊರೂರಲ್ಲಿ ಆಡಿದ ಮಾತುಗಳನ್ನೆಲ್ಲ ಮಂದಿಗೆ ತಿಳಿಸಿ ಹೇಳಿದವಳು ನಾನೇ. ಎಷ್ಟು ಸುಲಭವಾಗಿ ಹೇಳಿಬಿಡುತ್ತಿದ್ದೆವು ಇಬ್ಬರೂ.

ಎಂಟನೆಯ ದಿನ ಕಂಪೌಂಡರ್ ಬಂದಾಗ, ನಾಳೆಯಿಂದ ಬರುವುದು ಬೇಡ ಎಂದು ಮಿಸ್ಸಮ್ಮ ಅವನಿಗೆ ಹೇಳುತ್ತಿದ್ದುದು ಕೇಳಿಸಿತು. ಮರುದಿನ ಮುಂಜಾನೆ ಬಿಸಿನೀರು, ಹತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಒಳಗೆ ಬಾ ಎನ್ನಲಿಲ್ಲ. ಕುರ್ಚಿಯಿಂದ ಕಾಲು ಮುಂದಕ್ಕೆ ಚಾಚಿದರು.

ಈಗ ಅದಾಗಿ ಇಪ್ಪತ್ತು ದಿನ. ಗಾಯ ಒಣಗುತ್ತಿದೆ, ಡಾಕ್ಟರ್ ಸಾಹೇಬರಿಗೆ ಸಮಾಧಾನವಾಗಿದೆ. ಕ್ಷಮಿಸಿದ್ದೇನೆ ಎಂದು ಮಿಸ್ಸಮ್ಮ ಹೇಳಿಲ್ಲ. ನಾನೂ ಕೇಳಿಲ್ಲ, ಕೇಳುವ ಹಕ್ಕು ನನಗಿಲ್ಲ. ದಿನಾ ಮುಂಜಾನೆ ಆ ಕಾಲನ್ನು ನನ್ನ ಮಡಿಲಲ್ಲಿ ಇಡುತ್ತಾರೆ. ನೋವಾದರೆ ಹಲ್ಲು ಕಚ್ಚುತ್ತಾರೆ. ಕಾಲು ಮಾತ್ರ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.