ಮೂವರಲ್ಲಿ ಇಬ್ಬರಿಗೆ ಗೊತ್ತಿತ್ತು

ಕನ್ನಡಕದಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವುದು ಅವಳ ಕೆಲಸ. ಚೌಕಟ್ಟಿನ ಅಳತೆಗೆ ಗಾಜಿನ ಅಂಚು ಸವೆಸಿ, ಸಾಸಿವೆಯಷ್ಟು ಸಣ್ಣ ತಿರುಪು ಕೂರಿಸುವಾಗ ಅವಳ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಮದುವೆಯಾಗಿ ಹತ್ತು ವರ್ಷವಾಗಿ, ಎಂಟು ವರ್ಷದ ಮಗಳಿದ್ದರೂ ಮನೆಯಲ್ಲಿ ಕೊನೆಯವಳಾದ್ದರಿಂದ ತವರಿನವರ ಬಾಯಲ್ಲಿ ಇನ್ನೂ ಸಣ್ಣಿಯೇ.

ಅವಳಪ್ಪ ಬಸ್ ಓಡಿಸುತ್ತಿದ್ದವರು. ಐವತ್ತು ತುಂಬುವ ಮೊದಲೇ ಅವರ ಕೈಕಾಲು ತಮ್ಮಷ್ಟಕ್ಕೆ ತಾವೇ ಎಗರಾಡತೊಡಗಿದವು. ಆಮೇಲೆ ಮಾತು ತೊದಲಿತು, ಕೊನೆಕೊನೆಗೆ ಮನೆಯವರ ಗುರುತೂ ಹತ್ತದಂತಾಯಿತು. ನರಗಳ ಕಾಯಿಲೆ, ಮದ್ದಿಲ್ಲ ಅನ್ನುವುದಷ್ಟೇ ಸಣ್ಣಿಗೆ ಗೊತ್ತಿದ್ದದ್ದು. ಆಸ್ಪತ್ರೆಯ ಓಡಾಟ, ಡಾಕ್ಟರ ಜೊತೆ ಮಾತುಕತೆ ಎಲ್ಲ ಅಣ್ಣ ಅಕ್ಕನ ಪಾಲಿಗೆ. ಅಪ್ಪನ ಗಡ್ಡ ಬೋಳಿಸುವುದು ಇವಳ ಪಾಲಿಗೆ. ಅಷ್ಟು ಎಗರುವ ಮುಖಕ್ಕೆ ಬ್ಲೇಡು ಹಿಡಿಯಲು ಬೇರೆ ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಆರು ವರ್ಷಕ್ಕೆ, ಶಾಲೆಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದ ಅಣ್ಣ ಮ್ಯಾರಥಾನಿನ ಮಾತು ತೆಗೆದ. ಆ ಕಾಯಿಲೆಗೆ ಮದ್ದು ಹುಡುಕುತ್ತಿದ್ದ ಸಂಶೋಧನಾ ಕೇಂದ್ರವೊಂದಕ್ಕೆ ಹಣ ಕೂಡಿಸಲು ಮೂವರೂ ಒಟ್ಟಿಗೆ ಓಡೋಣ ಅಂದ. ಅಂಚೆ ಕಚೇರಿಯಲ್ಲಿ ಕುರ್ಚಿ ಬಿಟ್ಟೇಳದ ಅಕ್ಕನೂ ಹೂಂ ಅಂದಳು. ಏಳು ತಿಂಗಳು ಬೆಳಗ್ಗೆ ಐದಕ್ಕೆ ಎದ್ದು ಕೆರೆಯ ಸುತ್ತ ಓಡಿದರು. ಯಾವ ಬಸ್ಸು ತಪ್ಪಿತು ಅಂತ ಹೀಗೆ ಓಡ್ತೀರಿ ಎಂದು ಅಮ್ಮ ನಗುತ್ತಿದ್ದಳು. ಅಕ್ಕನ ಹಿಮ್ಮಡಿಯ ಬೊಕ್ಕೆಗೆ ಸಣ್ಣಿ ಪಟ್ಟಿ ಸುತ್ತುತ್ತಿದ್ದಳು, ಸಣ್ಣಿ ಹಿಂದೆ ಬಿದ್ದರೆ ಅಣ್ಣ ಸುಮ್ಮನೆ ವೇಗ ಇಳಿಸುತ್ತಿದ್ದ. ಮದುವೆಯಾದ ಮೇಲೆ ಒಡಹುಟ್ಟಿದವರು ಹೀಗೆ ಮತ್ತೆ ಸಿಕ್ಕಿದ್ದು ಅವಳಿಗೆ ದೊಡ್ಡ ಭಾಗ್ಯವಾಗಿ ಕಂಡಿತ್ತು. ಅಂಗಡಿಗೆ ಬಂದವರನ್ನೆಲ್ಲ ಕೇಳಿ ಕೇಳಿ, ಮೂವರಲ್ಲಿ ಹೆಚ್ಚು ಹಣ ತಂದವಳೂ ಅವಳೇ.

ಓಟದ ಹಿಂದಿನ ದಿನ ಓಟಗಾರರಿಗೆ ನಂಬರ್ ಚೀಟಿ ಕೊಡುವ ಸಭಾಂಗಣದಲ್ಲಿ ಅಣ್ಣನ ಭಾಷಣವಿತ್ತು. ಮುಗಿಯುವ ಹೊತ್ತಿಗೆ, ಆರು ಗಂಟೆಗೆ ಬಂದರೆ ಸಾಕು ಎಂದು ಅವನು ಹೇಳಿದ್ದ. ಆದರೆ ನಾಳೆ ಓಡುವವಳು ಇವತ್ತು ನಿಂತು ಕೆಲಸ ಮಾಡಬಾರದು ಅಂತ ಅಂಗಡಿಯ ಮಾಲೀಕರು ಬೇಗ ಕಳಿಸಿಬಿಟ್ಟರು. ಅವಳು ಹೋಗಿ ಹಿಂದಿನ ಸಾಲಿನಲ್ಲಿ ನಿಂತಾಗ ಅಣ್ಣ ಮೈಕಿನ ಮುಂದಿದ್ದ.

"ಈ ಕಾಯಿಲೆ ರಕ್ತದಲ್ಲೇ ಬರುತ್ತೆ. ಅಪ್ಪನಿಗಿದ್ರೆ ಒಂದೊಂದು ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಹತ್ತು ವರ್ಷದ ಹಿಂದೆ ನಾನೂ ನನ್ನ ತಂಗಿಯೂ ಪರೀಕ್ಷೆ ಮಾಡಿಸಿಕೊಂಡ್ವಿ. ಪುಣ್ಯಕ್ಕೆ ಇಬ್ಬರಿಗೂ ಇಲ್ಲ."

ತಾನು ಯಾವಾಗ ಪರೀಕ್ಷೆ ಮಾಡಿಸಿಕೊಂಡೆ ಅಂತ ಸಣ್ಣಿ ಒಂದು ಕ್ಷಣ ನಿಜವಾಗಿಯೂ ಯೋಚಿಸಿದಳು. ಆಮೇಲೆ ವೇದಿಕೆಯ ಮೇಲೆ ತಲೆಯಾಡಿಸುತ್ತಿದ್ದ ಅಕ್ಕ ಕಂಡಳು. ಜನ ಚಪ್ಪಾಳೆ ತಟ್ಟಿದರು.

ಹೊರಗಿನ ಮೆಟ್ಟಿಲ ಹತ್ತಿರ ಅಣ್ಣ ಅಕ್ಕ ಇಬ್ಬರೂ ಎದುರಾದರು. ಅವಳ ಮುಖ ನೋಡಿದ್ದೇ ಅಣ್ಣ ಒಂದು ಮೆಟ್ಟಿಲು ಹಿಂದೆ ಸರಿದ. ಮಾತಾಡಿದವಳು ಅಕ್ಕ. ಆಗ ಸಣ್ಣಿಯ ಮದುವೆ ನಿಶ್ಚಯವಾಗಿತ್ತಂತೆ. ವಿಷಯ ಬಾಯಿಬಿಟ್ಟರೆ ಗಂಡಿನ ಕಡೆಯವರು ಎದ್ದು ಹೋಗುತ್ತಾರೆ ಅಂತ ಅಮ್ಮ ಇಬ್ಬರಿಂದಲೂ ಆಣೆ ಮಾಡಿಸಿಕೊಂಡಳಂತೆ. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅನ್ನುತ್ತಾ ವರ್ಷಗಳೇ ಹೋದವಂತೆ.

"ನಾನು ಬಸುರಿಯಾದಾಗ?" ಅಂತ ಕೇಳಿದಳು ಸಣ್ಣಿ. "ಆಗಲಾದ್ರೂ?"

ಅಕ್ಕ ಕೈಲಿದ್ದ ನಂಬರ್ ಚೀಟಿಯನ್ನು ಮಡಚತೊಡಗಿದಳು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಬಾಗಿಲಲ್ಲಿ ಆಡುತ್ತಿದ್ದ ಮಗಳನ್ನು ತುಂಬ ಹೊತ್ತು ನೋಡಿ, "ನಿನಗೆ ಮೊದಲೇ ಗೊತ್ತಿತ್ತಾ?" ಅಂದ. ಇಲ್ಲ ಅಂದಳು. ನಂಬಿದ. ಆದರೂ ಆ ಪ್ರಶ್ನೆ ಕೇಳುವಂತಾಯಿತಲ್ಲ ಅನ್ನುವುದು ಅವಳನ್ನು ಉಳಿದೆಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಆದರೂ ಮರುದಿನ ಓಡಿದಳು. ನಂಬಿ ಹಣ ಕೊಟ್ಟವರಿದ್ದರು, ಅವರದೇನು ತಪ್ಪು? ಅಣ್ಣ ಅಕ್ಕನ ಪಕ್ಕದಲ್ಲೇ ಹೊರಟವಳು ಎರಡನೇ ಕಿಲೋಮೀಟರಿಗೇ ಅವರನ್ನು ಬಿಟ್ಟು ಮುಂದೆ ಹೋದಳು. ಮೂವತ್ತರ ಹತ್ತಿರ ನೀರಿಗೆ ನಿಂತಿದ್ದಾಗ ಹಿಂದಿನಿಂದ ಅಕ್ಕನ ದನಿ ಕೇಳಿತು: "ಸಣ್ಣೀ, ಒಂದು ನಿಮಿಷ ನಿಲ್ಲೇ." ನಿಂತರೆ ಅತ್ತುಬಿಡುತ್ತೇನೆ, ಅತ್ತರೆ ಕ್ಷಮಿಸಿಬಿಡುತ್ತೇನೆ ಅನ್ನಿಸಿತು ಅವಳಿಗೆ. ಲೋಟ ಇಟ್ಟು ಹೊರಟಳು. ಕೊನೆಯ ಗೆರೆಯಾಚೆ ಅಮ್ಮ ಟವೆಲ್ ಹಿಡಿದು ನಿಂತಿದ್ದಳು. ಸಣ್ಣಿ ಗಂಡನ ಪಕ್ಕದಲ್ಲಿದ್ದ ಮಗಳ ಕೈ ಹಿಡಿದು, ಅಮ್ಮನನ್ನು ದಾಟಿಕೊಂಡು ಹೋದಳು. ಕಾಲು ಸೆಟೆದು ಮಡಚಲೂ ಆಗುತ್ತಿರಲಿಲ್ಲ.

ಪರೀಕ್ಷೆ ಮಾಡಿಸಬೇಕೋ ಬೇಡವೋ ಅಂತ ನಾಲ್ಕು ತಿಂಗಳು ಒದ್ದಾಡಿದಳು. ಕೈಯಿಂದ ತಿರುಪು ಜಾರಿ ಬಿದ್ದರೂ ಕೈ ಚಾಚಿ, ಬೆರಳು ಅಲುಗುತ್ತಿವೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಮಗಳು ಎಡವಿದರಂತೂ ಕೇಳುವುದೇ ಬೇಡ. ಕೊನೆಗೆ ಗಂಡನ ಜೊತೆ ಹೋಗಿ ರಕ್ತ ಕೊಟ್ಟು ಬಂದಳು. ಆರು ವಾರದ ಮೇಲೆ ಡಾಕ್ಟರು ಕೂರಿಸಿಕೊಂಡು ಹೇಳಿದರು: ಇಲ್ಲ. ಅವಳಿಗಿಲ್ಲ ಅಂದಮೇಲೆ ಮಗಳಿಗೂ ಇಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಗಂಡ ಹೆಂಡತಿ ಇಬ್ಬರೂ ಮನಸಾರೆ ಅತ್ತರು.

ಸುದ್ದಿ ಹೇಗೋ ತಲುಪಿ ಅಣ್ಣ ಮರುದಿನವೇ ಹಣ್ಣಿನ ಬುಟ್ಟಿ ಹಿಡಿದು ಬಂದ. ಮುಖದಲ್ಲಿ ಹೊರೆ ಇಳಿಸಿದ ಕಳೆ. ಇನ್ನೇನು, ದೇವರು ದೊಡ್ಡವನು, ಆದದ್ದೆಲ್ಲ ಹೊಟ್ಟೆಗೆ ಹಾಕಿಕೊಂಡುಬಿಡು ಅಂದ.

"ಇಲ್ಲ ಅಂತ ಬಂದಿದ್ದು ನನ್ನ ಅದೃಷ್ಟ ಅಣ್ಣ," ಅಂದಳು ಅವಳು. "ಅದರಲ್ಲಿ ನಿಮ್ಮದೇನೂ ಇಲ್ಲ. ಇದ್ದಿದ್ರೂ ನೀವು ಹೀಗೇ ನನ್ನ ಜೊತೆ ನಗ್ತಾ ಓಡ್ತಿದ್ರಿ."

ಅವನು ಬುಟ್ಟಿ ಅಲ್ಲೇ ಇಟ್ಟು ಹೋದ.

ಈಗ ಅಣ್ಣ ಶಾಲೆಗೆ ಹೋದ ಹೊತ್ತು ನೋಡಿಕೊಂಡು ಅವಳು ಅಮ್ಮನನ್ನು ಕಂಡು ಬರುತ್ತಾಳೆ. ಮಾತ್ರೆ ತಂದುಕೊಡುತ್ತಾಳೆ, ತಲೆ ಬಾಚುತ್ತಾಳೆ. ಹೊರಡುವಾಗ ಪ್ರತಿ ಸಲವೂ ಅಮ್ಮ ಬಾಗಿಲವರೆಗೆ ಬಂದು, "ನಾನು ಆಗ ನಿನ್ನ ಒಳ್ಳೇದಕ್ಕೆ" ಅಂತ ಶುರುಮಾಡಿ ನಿಲ್ಲಿಸುತ್ತಾಳೆ. ಸಣ್ಣಿ ಚಪ್ಪಲಿ ಮೆಟ್ಟಿಕೊಂಡು, ಬರುತ್ತೇನೆ ಎಂದಷ್ಟೇ ಹೇಳಿ ಮೆಟ್ಟಿಲಿಳಿಯುತ್ತಾಳೆ.