ತಿನ್ನದ ಹಂದಿ

ನನಗೆ ಮೊದಲ ಸಲ ಮೂರ್ಛೆ ಬಂದದ್ದು ಗಂಡನ ಮನೆಯ ಹಿತ್ತಲಲ್ಲಿ, ರಾಗಿ ಕೇರುತ್ತಿದ್ದಾಗ. ಮೊರ ಎತ್ತ ಹೋಯಿತೋ, ನಾನು ಎತ್ತ ಬಿದ್ದೆನೋ ತಿಳಿಯದು. ಕಣ್ಣು ಬಿಟ್ಟಾಗ ಒಂದು ಕೈಯಲ್ಲಿ ಬೀಗದ ಕೈಗಳ ಗೊಂಚಲು, ಇನ್ನೊಂದರಲ್ಲಿ ಕುಡುಗೋಲು, ಹೊಟ್ಟೆಯ ಮೇಲೆ ನೇಗಿಲಿನ ಗುಳ. ಮೂರ್ಛೆ ಬಂದವರಿಗೆ ಕಬ್ಬಿಣ ಹಿಡಿಸಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದ ವೈದ್ಯ. ಎಷ್ಟು ಹಿಡಿಸಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸಲಕ್ಕೆ ಹಾರೆ ಬಂತು. ಅದೂ ನಾಟಲಿಲ್ಲವೆಂದು ಕಂಡಾಗ ಪಕ್ಕದ ಮನೆಯಾಕೆ, "ಕೆಮ್ಮಣ್ಣುಗುಂಡಿ ಬೆಟ್ಟಾನೇ ಕಬ್ಬಿಣವಂತೆ. ಅಲ್ಲಿಗೇ ಕರ್ಕೊಂಡೋಗಿ ಕೂರುಸ್ಬುಡಿ ಅತ್ಲಾಗೆ" ಎಂದಳು. ನಗಬೇಕೆನಿಸಿತು. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ಊದಿತ್ತು, ಆಗಲಿಲ್ಲ.

ಅತ್ತೆಗೆ ಕಬ್ಬಿಣದ ಮೇಲಿನ ನಂಬಿಕೆ ಹೋಯಿತು. "ವಾಸಿ ಮಾಡ್ಕೊಂಡು ಬಾರಮ್ಮ" ಎಂದು ನನ್ನನ್ನು ಶಿವನಿಯ ಹತ್ತಿರದ ತವರಿಗೆ ಕಳಿಸಿದರು. ಮಗಳನ್ನು ಕಳಿಸಲಿಲ್ಲ. ಅದಿನ್ನೂ ಹಾಲು ಬಿಡದ ಕೂಸು. ನನ್ನ ಗಾಳಿ ಅದಕ್ಕೆ ತಾಕಬಾರದಂತೆ. ನನಗೆ ವಾಸಿಯಾಗದಿದ್ದರೆ ಗಂಡನಿಗೆ ಬೇರೆ ಹೆಣ್ಣು ನೋಡುತ್ತಾರಂತೆ ಎಂಬುದನ್ನು ಗಾಡಿ ಹೊಡೆಯುವವನು ದಾರಿಯಲ್ಲಿ ಹೇಳಿದ. ನಿಜ ಹೇಳಿಬಿಡುತ್ತೇನೆ, ನನಗೆ ಗಂಡನ ಚಿಂತೆ ಅಷ್ಟಾಗಿ ಇರಲಿಲ್ಲ. ಮಗಳು ಬೇಕಾಗಿತ್ತು. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂತು, ಆ ಜ್ವರದಲ್ಲೂ ಅವಳನ್ನೇ ಕರೆಯುತ್ತಿದ್ದೆನಂತೆ.

ಅಪ್ಪ ನನ್ನನ್ನು ರೈಲು ಹತ್ತಿಸಿ ಕಡೂರಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ, ಆ ಬಿಸಿಲಿನಲ್ಲೂ ಕೋಟು ಬಿಚ್ಚದ ಡಾಕ್ಟರು. ಅವರು ನನ್ನ ತೋಳು ಸವರಿದರು. ಚರ್ಮದ ಕೆಳಗೆ ಅಕ್ಕಿಕಾಳಿನಂಥ ಗಂಟುಗಳಿದ್ದವು. ಒಂದನ್ನು ಕೊಯ್ದು ತೆಗೆದು, ಗಾಜಿನ ಬಟ್ಟಲಿಗೆ ಹಾಕಿ, ಭೂತಗನ್ನಡಿ ಹಿಡಿದು ನೋಡಿ, ಹಬ್ಬದ ಸಂಭ್ರಮದಲ್ಲಿ ಹೇಳಿದರು: "ಹಂದಿಯ ಮೈಯಲ್ಲಿ ಸಿಗುವ ಲಾಡಿಹುಳುವಿನ ಮರಿ ಇದು! ಈಕೆಯ ಮೆದುಳಿನಲ್ಲೂ ಇಂಥವೇ ಇರಬೇಕು. ಮೂರ್ಛೆ ಅದರಿಂದಲೇ."

ಅಪ್ಪ ಎದ್ದು ನಿಂತ. "ಸ್ವಾಮಿ, ನಮ್ದು ಮಾಂಸ ಮುಟ್ದೇ ಇರೋ ಮನೆ. ನಮ್ಮನೆ ನಾಯೀನೂ ಮುದ್ದೇನೇ ತಿನ್ನೋದು. ಮೂಳೆ ಕಂಡ್ರೆ ಓಡೋಯ್ತದೆ."

ಡಾಕ್ಟರು ಅಪ್ಪನನ್ನು ಕೂರಿಸಿ ಬಿಡಿಸಿ ಹೇಳಿದರು. ಸರಿಯಾಗಿ ಬೇಯದ ಹಂದಿಮಾಂಸ ತಿಂದವನ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ. ಅವನು ಬಯಲಿಗೆ ಹೋದಾಗ ಹುಳುವಿನ ಮೊಟ್ಟೆ ಮಣ್ಣು ಸೇರುತ್ತದೆ, ಅಲ್ಲಿಂದ ಸೊಪ್ಪಿಗೆ ಹತ್ತುತ್ತದೆ. ಆ ಸೊಪ್ಪನ್ನು ಹಸಿಯಾಗಿ ತಿಂದವರಿಗೆ ಮರಿ ತಲೆ ಸೇರುತ್ತದೆ. ಹಂದಿಗೂ ಬರುವುದು ಹಾಗೆಯೇ. "ನಿಮ್ಮ ಮಗಳು ಹಂದಿ ತಿಂದಿಲ್ಲಪ್ಪ. ಹಂದಿ ತಿನ್ನೋದನ್ನ ತಿಂದಿದಾಳೆ, ಅಷ್ಟೆ" ಎಂದು ಒಂದು ಸೀಸೆ ಕಹಿ ಔಷಧ ಕೊಟ್ಟು ಕಳಿಸಿದರು.

ಅಪವಾದ ತಪ್ಪಿತೆಂದು ಅಪ್ಪ ರೈಲಿನಲ್ಲಿ ನಗುನಗುತ್ತಲೇ ಇದ್ದ. ಬೀರೂರು ದಾಟಿದ ಮೇಲೆ, "ಹಂದಿ ತಿನ್ನೋದು ಅಂದ್ರೆ..." ಎಂದು ಶುರುಮಾಡಿ, ನನ್ನ ಮುಖ ನೋಡಿ, ಕಿಟಕಿಯ ಕಡೆ ತಿರುಗಿಕೊಂಡ.

ಡಾಕ್ಟರ ಬಾಗಿಲಲ್ಲಿ ಗಂಡನ ಊರಿನವರೊಬ್ಬರು ಕೂತಿದ್ದರು. ಒಳಗಿನ ಮಾತಿನಲ್ಲಿ ಅವರು ಹಂದಿಯನ್ನಷ್ಟೇ ಹೆಕ್ಕಿಕೊಂಡು ಊರಿಗೆ ಒಯ್ದರು. ಅಲ್ಲಿ ಪಂಚಾಯಿತಿ ಸೇರಿತು, ಅಪ್ಪನನ್ನೂ ನನ್ನನ್ನೂ ಕರೆಸಿದರು. ನನಗೆ ತವರಿನಲ್ಲಿ ಹಂದಿ ತಿನ್ನಿಸಿದ್ದಾರೆ ಎಂದು ಅವರು, ಗಂಡನ ಮನೆಯಲ್ಲೇ ತಿನ್ನಿಸಿರಬೇಕು ಎಂದು ನಮ್ಮವರು. ಎರಡೂ ಕಡೆಯವರು ತಲೆತಲಾಂತರದಿಂದ ಮೊಟ್ಟೆಯನ್ನೂ ಮುಟ್ಟದವರು. ಹಂದಿಯ ಬಗ್ಗೆ ಅವರು ಆಡಿದಷ್ಟು ಮಾತನ್ನು ಹಂದಿ ಸಾಕುವವರೂ ಆಡಿರಲಾರರು. ಕೊನೆಗೆ ಅಪ್ಪ ಡಾಕ್ಟರು ಹೇಳಿದ್ದನ್ನು ಇದ್ದಂತೆ ಹೇಳಿಬಿಟ್ಟ.

ಆ ಊರಿನಲ್ಲಿ ಸೊಪ್ಪಿನ ಮಡಿಗಳಿದ್ದದ್ದು ಕೆರೆ ಏರಿಯ ಹಿಂದೆ. ಜನ ಬೆಳಗ್ಗೆ ಚೆಂಬು ಹಿಡಿದು ಹೋಗುತ್ತಿದ್ದದ್ದೂ ಅಲ್ಲಿಗೇ. ಅಲ್ಲಿನ ಮೆಂತ್ಯದ ಸೊಪ್ಪಿಗೆ, ಮೂಲಂಗಿಗೆ ಅಜ್ಜಂಪುರದ ಸಂತೆಯಲ್ಲಿ ದೊಡ್ಡ ಹೆಸರು. ರೊಟ್ಟಿಯ ಜೊತೆ ಹಸಿಯಾಗಿಯೇ ಕಡಿಯುತ್ತಿದ್ದೆವು. ನಮ್ಮೂರ ಮಣ್ಣಿನ ಗುಣವೇ ಬೇರೆ ಎಂದು ಊರಿನ ಗೌಡರು ಬಂದವರಿಗೆಲ್ಲ ಹೇಳುತ್ತಿದ್ದರು.

"ಹಂಗಾದ್ರೆ ನಾವೆಲ್ಲ ಇಷ್ಟು ದಿನ ಏನ್ ತಿಂತಿದ್ದೋ ಅಂತೀರಿ?" ಎಂದರು ಗೌಡರು.

"ಅದನ್ನ ನಾನು ಬಾಯ್ಬುಟ್ಟು ಹೇಳ್ಬೇಕಾ ಗೌಡ್ರೇ?" ಎಂದ ಅಪ್ಪ.

ಒಬ್ಬಿಬ್ಬರು ಎದ್ದು ಹೋಗಿ ಉಗಿದು ಬಂದರು. ಆಮೇಲೆ ಎಲ್ಲರಿಗೂ ಹಂದಿಯೇ ವಾಸಿ ಎನಿಸಿತು. ಹಂದಿಯಾದರೆ ತಿಂದವಳು ನಾನೊಬ್ಬಳೇ. ಗೌಡರ ದನಿ ಒಮ್ಮೆಗೇ ಮೆತ್ತಗಾಯಿತು. "ಎಲ್ಲೋ ಹೋಟ್ಲಲ್ಲಿ, ತಿಳೀದೆ ತಿಂದಿರ್ಬೌದು. ಹೂಂ ಅಂದ್ಬುಡು ತಾಯಿ. ಶುದ್ಧಿ ಮಾಡಿ ಒಳೀಕೆ ಕರ್ಕೊಂತೀವಿ. ನಿನ್ ಮಗ ನಿನ್ಗೆ" ಎಂದರು. ನನಗಿದ್ದದ್ದು ಮಗಳು ಎಂಬುದೂ ಅವರಿಗೆ ಗೊತ್ತಿರಲಿಲ್ಲ.

"ಹೂಂ, ತಿಂದೆ" ಎಂದೆ.

ಅಲ್ಲಿಗೇ ಮುಗಿಯಬೇಕಿತ್ತು. ಒಬ್ಬರಿಗೆ ಕುತೂಹಲ ತಡೆಯಲಿಲ್ಲ. "ಹೆಂಗಿತ್ತವ್ವಾ ರುಚಿ?" ಎಂದು ಕೇಳಿದರು. ನನಗೇನು ಗೊತ್ತು? "ಹಾಗಲಕಾಯಿ ಇದ್ದಂಗಿತ್ತು" ಎಂದೆ.

"ಹೇ, ಹಂಗಿರಲ್ಲ ಅದು!" ಎಂದು ಕಂಬಕ್ಕೆ ಒರಗಿದ್ದ ಗೌಡರ ಚಿಕ್ಕಪ್ಪ ತಟ್ಟನೆ ಹೇಳಿದರು.

ಎಲ್ಲರೂ ಅವರ ಕಡೆ ತಿರುಗಿದರು. ಲಾಡಿಹುಳು ಯಾರ ಹೊಟ್ಟೆಯಿಂದ ಮಡಿಗೆ ಇಳಿದಿರಬಹುದು ಎಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಿತು, ಅಪ್ಪನಿಗೂ ಹೊಳೆಯಿತು. ಗೌಡರು ಟವಲು ಕೊಡವಿ ಎದ್ದು ಪಂಚಾಯಿತಿ ಮುಗಿಯಿತು ಎಂದುಬಿಟ್ಟರು. ತಾವು ಹೊಲಸು ತಿಂದಿಲ್ಲವೆಂದು ತೀರ್ಮಾನ ಮಾಡಿದ ಆ ಊರಿನವರು, ನಾನು ಶುದ್ಧಳಾಗಲೆಂದು ಸಗಣಿ, ಗಂಜಲ ಕಲಸಿದ ಪಂಚಗವ್ಯ ಕುಡಿಸಿದರು. ಕಣ್ಣುಮುಚ್ಚಿ ಕುಡಿದೆ.

ಮಗಳು ನನ್ನ ಗುರುತು ಹಿಡಿಯದೆ ಅತ್ತಳು. ಸಂಜೆಗೆ ಹತ್ತಿರ ಬಂದಳು. ಆದರೆ ಅವಳಿಗೆ ಉಣಿಸುವುದಕ್ಕೆ ಅತ್ತೆ ನನ್ನನ್ನು ಬಿಡಲಿಲ್ಲ. "ಹಂದಿ ಮುಟ್ಟಿದ ಕೈಲಿ ಮಗೀಗೆ ತುತ್ತು ಇಕ್ಬ್ಯಾಡ" ಎಂದರು. ಶುದ್ಧಿ ಊರಿಗೆ ಸಾಕಾಗಿತ್ತು, ಅತ್ತೆಗೆ ಸಾಲಲಿಲ್ಲ. ನನ್ನ ಮಗಳು ಅವರ ತೊಡೆಯ ಮೇಲೆ ಕೂತು ಉಣ್ಣುವುದನ್ನು ನಾನು ಬಾಗಿಲ ಹೊರಗೆ ನಿಂತು ನೋಡುತ್ತಿದ್ದೆ. ಔಷಧದಿಂದ ಮೂರ್ಛೆ ಅಪರೂಪವಾಯಿತು. ಹೊಟ್ಟೆಯುರಿ ಕಡಿಮೆಯಾಗಲಿಲ್ಲ. ಆ ಮುದುಕಿ ಸಾಯಲಿ ಎಂದು ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯಲ್ಲಿ ಬಿದ್ದರು. ಬಿದ್ದ ಸದ್ದು ಕೇಳಿ ಓಡಿದೆ. ಕೈಕಾಲು ಸೆಟೆದಿತ್ತು, ಬಾಯಲ್ಲಿ ನೊರೆ. ಅದೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾರೂ ಬಾರದಂತೆ ಬಾಗಿಲು ಹಾಕಿದೆ, ಅವರನ್ನು ಮಗ್ಗುಲಿಗೆ ಹೊರಳಿಸಿದೆ, ಸೆಳೆತ ನಿಂತ ಮೇಲೆ ಬಾಯಿ ಒರೆಸಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಎಚ್ಚರವಾದಾಗ ಅತ್ತೆ ಮೊದಲು ಮುಚ್ಚಿದ ಬಾಗಿಲು ನೋಡಿದರು, ಆಮೇಲೆ ನನ್ನನ್ನು. ಅಷ್ಟು ಹೆದರಿದ್ದನ್ನು ನಾನೆಂದೂ ಕಂಡಿರಲಿಲ್ಲ.

"ನಾನು ತಿಂದಿಲ್ಲ ಕಣೇ" ಎಂದರು.

"ನಂಗೊತ್ತು ಅತ್ತೆ" ಎಂದೆ. "ನಾನೂ ತಿಂದಿರ್ಲಿಲ್ಲ."

ಅವರು ಕಣ್ಣು ಮುಚ್ಚಿಕೊಂಡರು. ಕಣ್ಣಂಚಿನಿಂದ ನೀರು ಇಳಿಯಿತು. ಹೊರಗೆ ಮಗಳು ಹಸಿವಿಗೆ ಬಾಗಿಲು ಬಡಿಯುತ್ತಿದ್ದಳು.

"ಮಗೀಗೆ ನೀನೇ ಉಣ್ಸು" ಎಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, "ಸೊಪ್ಪು ಬೇಯ್ಸು" ಎಂದರು.